ಮನೆಯಲ್ಲೇ ಕೂತು ಮಾತಾಡುವ ಮಾನಸಿಕ ಆರೋಗ್ಯ ಸೇವೆಗಾಗಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ದಾವಣಗೆರೆ ಜಿಲ್ಲೆ, ದಾವಣಗೆರೆ.

ಇಂದ,
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಾನಸಿಕ ಕಾಯಿಲೆಯುಳ್ಳವರು ಮತ್ತು ಅವರ ಆರೈಕೆ ಮಾಡುತ್ತಿರುವ ಕುಟುಂಬದವರು.

ವಿಷಯ: ಮಾನಸಿಕ ಕಾಯಿಲೆ ಕಾಣಿಸಿಕೊಂಡ ಮನೆಗೆ ಆರೋಗ್ಯ ತಂಡವೇ ಬಂದು, ಕಾಯಿಲೆಯವರು, ಮನೆಯವರು, ಆಪ್ತರು ಎಲ್ಲರೊಡನೆ ಕೂತು ಚಿಕಿತ್ಸೆ ತೀರ್ಮಾನಿಸುವ ವ್ಯವಸ್ಥೆ ಕೋರಿ.

ಮಾನ್ಯರೇ,

ಎಲ್ಲರ ಪರವಾಗಿ ಈ ಮನವಿ ಬರೆಯುತ್ತಿರುವ ನಾನು ಚನ್ನಗಿರಿ ತಾಲ್ಲೂಕಿನವಳು. ಅಡಿಕೆ ಕೊಯ್ಲಿನ ಕಾಲದಲ್ಲಿ ನನ್ನ ತಮ್ಮ ನಿದ್ದೆ ಬಿಟ್ಟ. ರಾತ್ರಿಯೆಲ್ಲ ಹಿತ್ತಲಲ್ಲಿ ಓಡಾಡುತ್ತ, ಯಾರೋ ಬೈಯುತ್ತಿದ್ದಾರೆ ಎನ್ನುತ್ತಿದ್ದ. ಅವನು ಯಾವತ್ತಿನಿಂದ ಊಟ ಬಿಟ್ಟ ಎಂಬುದು ಅವ್ವನಿಗೆ ಗೊತ್ತಿತ್ತು. ಮೊಬೈಲಿನಲ್ಲಿ ಸಾಲ ಎತ್ತಿದ್ದು ಅವನ ಗೆಳೆಯನಿಗೆ ಮಾತ್ರ ಗೊತ್ತಿತ್ತು. ಸಿಮ್ ಮುರಿದು ಒಲೆಗೆ ಹಾಕಿದ್ದನ್ನು ಕಂಡವಳು ನಾನೊಬ್ಬಳೇ. ಮಾವ ಗಾಳಿ ಸೋಕಿದೆ ಎಂದರು. ಒಬ್ಬೊಬ್ಬರ ಹತ್ತಿರ ಒಂದೊಂದು ಸಂಗತಿ ಇತ್ತು; ಅವನನ್ನು ಜೊತೆಗೆ ಕೂರಿಸಿಕೊಂಡು ನಾವು ಒಂದು ದಿನವೂ ಮಾತಾಡಲಿಲ್ಲ. ಕೊನೆಗೆ ಮದುವೆಗೆ ಹೋಗೋಣ ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಅಪ್ಪನನ್ನು ವಿಚಾರಿಸಿ ಚೀಟಿ ಬರೆದರು. ಹೊರಗೆ ಉದ್ದ ಸಾಲಿತ್ತು, ಅವರನ್ನು ದೂರಲಾರೆ. ವಾಪಸ್ ಬರುವಾಗ ತಮ್ಮ ಕೇಳಿದ್ದು ಒಂದೇ: "ಅಕ್ಕಾ, ನನ್ನನ್ನ ಯಾರೂ ಏನೂ ಕೇಳ್ಲಿಲ್ವಲ್ಲ?" ಮಾತ್ರೆಯನ್ನು ಹದಿನೈದು ದಿನ ನುಂಗಿ ಬಿಟ್ಟುಬಿಟ್ಟ. ಆ ಸುಳ್ಳನ್ನು ಅವನು ಇವತ್ತಿಗೂ ಮರೆತಿಲ್ಲ.

ಇದಕ್ಕೆ ಸಹಿ ಹಾಕಿರುವ ಒಂದೊಂದು ಮನೆಯಲ್ಲೂ ಇಂಥದ್ದೊಂದು ಬಸ್ ಪ್ರಯಾಣವಿದೆ.

ಬೇರೆ ದಾರಿ ಇದೆ ಎಂಬುದು ನಮಗೆ ತಡವಾಗಿ ತಿಳಿಯಿತು. ಫಿನ್‌ಲೆಂಡಿನ ಪಶ್ಚಿಮ ಲ್ಯಾಪ್‌ಲ್ಯಾಂಡ್‌ನಲ್ಲಿ, ಟೊರ್ನಿಯೊದ ಕೆರೊಪುದಾಸ್ ಆಸ್ಪತ್ರೆಯವರು 1980ರ ದಶಕದಲ್ಲಿ 'ಓಪನ್ ಡೈಲಾಗ್' ಎಂಬ ಪದ್ಧತಿ ಕಟ್ಟಿದರು. ಕರೆ ಬಂದ 24 ಗಂಟೆಯೊಳಗೆ ತಂಡ ಕುಟುಂಬವನ್ನು ಕಾಣುತ್ತದೆ, ಸಾಧ್ಯವಾದರೆ ಮನೆಯಲ್ಲೇ. ಕಾಯಿಲೆಯವರು ಯಾರನ್ನು ಬೇಕೆನ್ನುತ್ತಾರೋ ಅವರೆಲ್ಲ ಸುತ್ತ ಕೂರುತ್ತಾರೆ. ವೈದ್ಯರು, ನರ್ಸ್‌ಗಳು ತಮ್ಮತಮ್ಮಲ್ಲಿ ಚರ್ಚಿಸುವುದೂ ಆ ಎಲ್ಲರೆದುರಿಗೇ. ಬೆನ್ನ ಹಿಂದೆ ಏನೂ ತೀರ್ಮಾನವಾಗುವುದಿಲ್ಲ. ಕೊನೆಯವರೆಗೂ ಅದೇ ತಂಡ ಜೊತೆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಸಮುದಾಯ ಮಾನಸಿಕ ಆರೋಗ್ಯ ಮಾರ್ಗಸೂಚಿಯಲ್ಲಿ ಇದನ್ನೂ, ಹಳ್ಳಿಯ ಸ್ವಯಂಸೇವಕರೇ ನೊಂದವರ ಮಾತಿಗೆ ಕಿವಿಯಾಗುವ ಗುಜರಾತಿನ 'ಆತ್ಮೀಯತಾ'ವನ್ನೂ ಒಳ್ಳೆಯ ಮಾದರಿಗಳೆಂದು ಎತ್ತಿ ತೋರಿಸಿದೆ. ಅಲ್ಲಿ ಸಿಕ್ಕ ಫಲವೆಲ್ಲ ಇಲ್ಲಿಯೂ ಸಿಗುತ್ತದೆಂದು ನಾವು ಹೇಳುತ್ತಿಲ್ಲ. ಮಾತ್ರೆ ನಿಲ್ಲಿಸಿರೆಂದೂ ಕೇಳುತ್ತಿಲ್ಲ. ಆ ಮಾತ್ರೆ ಯಾಕೆಂದು ನುಂಗುವವರ ಎದುರಿಗೇ ಮಾತಾಗಲಿ ಎಂಬುದಷ್ಟೇ ನಮ್ಮ ಕೋರಿಕೆ.

ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೇನೂ ಹೊಸತಲ್ಲ. 1950ರ ದಶಕದಲ್ಲೇ ಡಾ. ವಿದ್ಯಾಸಾಗರ್ ಅಮೃತಸರದ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಹಾನ್ಸ್ ತೀರ್ಥಹಳ್ಳಿ, ತುರುವೇಕೆರೆಗಳ ಹಾಗೆ ನಮ್ಮ ಜಗಳೂರಿನಲ್ಲೂ ಸಮುದಾಯದೊಳಗೆ ಕೆಲಸ ಮಾಡಿದೆ. ಇನ್ನು ಕಾನೂನು: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 18 ಕುಟುಂಬಕ್ಕೆ ನೆರವು ಮತ್ತು ಮನೆಯಲ್ಲೇ ಪುನರ್ವಸತಿಯನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಸಾಲಿನಲ್ಲಿಟ್ಟಿದೆ. ನಾವು ಕೇಳುತ್ತಿರುವುದು ಹಕ್ಕನ್ನು.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ನಾಲ್ಕೂ ತಾಲ್ಲೂಕಿಗೆ ಒಂದೊಂದು ಮಾತುಕತೆ ತಂಡ ನೇಮಿಸಿ. ಜಿಲ್ಲಾ ಕಾರ್ಯಕ್ರಮದ ಮನೋ-ಸಾಮಾಜಿಕ ಕಾರ್ಯಕರ್ತರು ಅಥವಾ ಸಮುದಾಯ ನರ್ಸ್, ಊರಿನ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ಜೊತೆಗೆ ಕಾಯಿಲೆಯಿಂದ ಚೇತರಿಸಿಕೊಂಡ ಒಬ್ಬರು ಅದರಲ್ಲಿರಲಿ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ. ಈ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಡದೆ ಅವರ ತಲೆಗೆ ಕಟ್ಟಬೇಡಿ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಗೆ ಅದರದೇ ತಂಡ ಬೇಕು.

ಕರೆ ಬಂದ ಮರುದಿನದೊಳಗೆ ತಂಡ ಮನೆಯಲ್ಲಿರಬೇಕು. 14416 ಟೆಲಿ-ಮಾನಸ್ ಸಹಾಯವಾಣಿಗೆ ಈ ತಾಲ್ಲೂಕುಗಳಿಂದ ಹೋಗುವ ಕರೆಗಳು, ಕರೆ ಮಾಡಿದವರು ಒಪ್ಪಿದರೆ, ಅದೇ ತಂಡಕ್ಕೆ ತಲುಪಲಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಮನೆಯಲ್ಲಿ ನಡೆಯುವ ಈ ಕೂಟಗಳಿಗೂ ಸಮಯ ಕೊಡುವಂತಾಗಲಿ. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಅರ್ಧ ಮನೆ ಗುಳೆ ಹೋಗಿರುತ್ತದೆ. ಅಂಥವರನ್ನು ಫೋನಿನಲ್ಲಾದರೂ ಸೇರಿಸಿಕೊಳ್ಳಿ. ಹೊನ್ನಾಳಿ, ನ್ಯಾಮತಿಯ ತಾಂಡಾಗಳಿಗೆ ಲಂಬಾಣಿ ಮಾತು ಬಲ್ಲವರೇ ಬರಲಿ. ದುಃಖವನ್ನು ಅವ್ವನ ಭಾಷೆಯಲ್ಲಲ್ಲದೆ ಬೇರೆ ಭಾಷೆಯಲ್ಲಿ ಹೇಳು ಎಂದರೆ ಎಂಥವರೂ ಸುಮ್ಮನಾಗುತ್ತಾರೆ.

ಒಂದು ಎಚ್ಚರಿಕೆಯನ್ನು ನಮ್ಮ ಹೆಣ್ಣುಮಕ್ಕಳು ಒತ್ತಿ ಹೇಳಿದ್ದಾರೆ. ಹೊಡೆಯುವ ಗಂಡನ ಎದುರು ಹೆಂಡತಿಯನ್ನು ಕೂರಿಸಿ ಮನಸ್ಸು ಬಿಚ್ಚು ಎನ್ನುವುದು ಚಿಕಿತ್ಸೆಯಲ್ಲ. ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ಕಾಯಿಲೆಯವರೇ ಹೇಳಲಿ. ಕೂಟದ ಮಾತು ಊರಿನ ಕಟ್ಟೆಗೆ ಹೋಗಬಾರದು. ಆ ಗೋಪ್ಯತೆಯನ್ನೂ 2017ರ ಅದೇ ಕಾಯ್ದೆ ಕೊಟ್ಟಿದೆ.

ತಂಡಗಳ ತರಬೇತಿಗೆ ನಿಮ್ಹಾನ್ಸ್‌ಗೆ ತಾವು ಪತ್ರ ಬರೆಯಬೇಕು. ಓಡಾಟದ ಖರ್ಚಿಗೆ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 5ರ ಅನುದಾನ ಬಳಸಬಹುದೇ ಎಂಬುದನ್ನು ಪರಿಶೀಲಿಸಬೇಕು.

ಈ ಮನವಿಯನ್ನು ಕಡತಕ್ಕೆ ಸೇರಿಸುವ ಮುನ್ನ ತಮ್ಮ ಅಧ್ಯಕ್ಷತೆಯಲ್ಲಿ ಒಂದು ಸಭೆ ಕರೆಯಿರಿ. ಆರೋಗ್ಯಾಧಿಕಾರಿಗಳು, ಮನೆಯವರು ಮಾತ್ರವಲ್ಲ, ಕಾಯಿಲೆಯುಳ್ಳವರೂ ಅದರಲ್ಲಿರಲಿ. ನನ್ನ ತಮ್ಮ ಬರುತ್ತೇನೆಂದಿದ್ದಾನೆ. ಎಲ್ಲಿಗೆ, ಯಾಕೆ ಎಂದು ಈ ಸಲ ಅವನಿಗೆ ಮೊದಲೇ ಹೇಳಿದ್ದೇನೆ.

ತಮ್ಮ ವಿಶ್ವಾಸಿಗಳು,
(ನಾಲ್ಕೂ ತಾಲ್ಲೂಕುಗಳ ಕಾಯಿಲೆಯುಳ್ಳವರ ಮತ್ತು ಕುಟುಂಬದವರ ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ದಾವಣಗೆರೆ.