ತೊಂಬತ್ತರಿಂದ ಐವತ್ತಮೂರಕ್ಕೆ
ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಭಿಮಾನಿಗಳೇ ಷೇರುದಾರರಾಗಿರುವುದರಿಂದ, ಆಗಸ್ಟ್ ತಿಂಗಳ ಪ್ರೀಸೀಸನ್ ಪಂದ್ಯಗಳನ್ನು, ಅಂದರೆ ಅಂಕಪಟ್ಟಿಗೆ ಸೇರದ ಪೂರ್ವಸಿದ್ಧತೆಯ ಆಟಗಳನ್ನು, ಅವರು ಮನೆಮಂದಿಯ ಆಸ್ಥೆಯಿಂದ ಅಳೆದು ತೂಗುತ್ತಾರೆ. 90 ಆಟಗಾರರ ಪಟ್ಟಿ ಋತು ಆರಂಭವಾಗುವ ಮುನ್ನ 53ಕ್ಕೆ ಇಳಿಯಬೇಕಾದ್ದರಿಂದ, ಹೆಸರಾಂತರು ಬೇಗನೆ ಮೈದಾನ ತೊರೆದ ಬಳಿಕ ನಡೆಯುವ ದ್ವಿತೀಯಾರ್ಧವೇ ಹೊಸಬರಿಗೆ ನಿಜವಾದ ಪರೀಕ್ಷೆ. ಆಗ ಚೆಂಡು ಹಿಡಿದು ಓಡಿದವನನ್ನಷ್ಟೇ ಮೆಚ್ಚುವುದು ಅವಸರದ ತೀರ್ಪಾಗುತ್ತದೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿಯನ್ನು ನಡೆಸುವವನ ಎಡಬದಿಗೆ ಕಾವಲು ನಿಂತ ಟ್ಯಾಕಲ್ ಆಟಗಾರ ಎದುರಾಳಿಯ ನೂಕಿಗೆ ಎದೆಯೊಡ್ಡಿದನೋ ಸಮತೋಲ ತಪ್ಪಿದನೋ ಎಂಬುದನ್ನೂ, ಆ ಎದುರಾಳಿ ಮೊದಲ ಆಯ್ಕೆಯವನೋ ಮೂರನೆಯ ಆಯ್ಕೆಯವನೋ ಎಂಬುದನ್ನೂ ಆಟ ಬಲ್ಲ ಪ್ರೇಕ್ಷಕರು ಒಟ್ಟಿಗೇ ನೋಡುತ್ತಾರೆ. ಒದ್ದ ಚೆಂಡಿನ ಬೆನ್ನಟ್ಟಿ ಮೈದಾನದುದ್ದಕ್ಕೂ ಓಡಿ, ಅದನ್ನು ಹಿಡಿದವನನ್ನು ಕೆಡಹುವ ಅನಾಮಿಕನಿಗೆ ಅವರು ಕೊಡುವ ಚಪ್ಪಾಳೆ ಅತ್ಯಂತ ನ್ಯಾಯವಾದದ್ದು, ಏಕೆಂದರೆ ಪಟ್ಟಿಯ ಕೊನೆಯ ಸ್ಥಾನಗಳು ಬಹುಮಟ್ಟಿಗೆ ಇಂಥ ಓಟಗಳಿಂದಲೇ ನಿರ್ಧಾರವಾಗುತ್ತವೆ.