ರಾಷ್ಟ್ರಪತಿ ಆದೇಶಕ್ಕೂ ಗೆರೆಯುಂಟು: ಅರಮನೆಯಿಂದ ಸೆರೆಮನೆವರೆಗೆ

ಮೈಸೂರು: 1970ರ ಸೆಪ್ಟೆಂಬರ್ 6ರಂದು ರಾಷ್ಟ್ರಪತಿಯವರ ಹೆಸರಿನಲ್ಲಿ ಹೊರಟ ಆದೇಶವು ದೇಶದ ಮಾಜಿ ಅರಸರೆಲ್ಲರ ಮಾನ್ಯತೆಯನ್ನು ಒಂದೇ ಏಟಿಗೆ ರದ್ದುಪಡಿಸಿತು. ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನಕ್ಕೆ ಬಾಧ್ಯರಾಗಿದ್ದ ಮೈಸೂರಿನ ಜಯಚಾಮರಾಜ ಒಡೆಯರ್ ಅವರೂ ಅವರಲ್ಲೊಬ್ಬರು. ಹಿಂದಿನ ದಿನವಷ್ಟೇ ರಾಜಧನ ರದ್ದತಿಯ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಕೂದಲೆಳೆಯ ಅಂತರದಿಂದ ಬಿದ್ದುಹೋಗಿತ್ತು. ಸಂಸತ್ತು ಕೊಡದಿದ್ದುದನ್ನು ಸಹಿಯೊಂದರಿಂದ ಪಡೆಯಲು ಸರ್ಕಾರ ಹೊರಟಿತ್ತು.

ಇದು ರಾಜಕೀಯ ಅಧಿಕಾರ, ನ್ಯಾಯಾಲಯಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಕೇಂದ್ರದ ವಾದವಾಗಿತ್ತು. ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ಅರಸರಿಗೆ ಸವಲತ್ತು ಬೇಕಿತ್ತೇ ಎಂಬುದು ಬೇರೆ ಮಾತು. 1971ರಲ್ಲಿ ಸಂಸತ್ತು 26ನೇ ತಿದ್ದುಪಡಿಯ ಮೂಲಕ ಅದನ್ನು ಕ್ರಮಬದ್ಧವಾಗಿಯೇ ತೆಗೆದುಹಾಕಿತು. ಅಂದು ಭಿನ್ನಮತ ದಾಖಲಿಸಿ ಆದೇಶವನ್ನು ಎತ್ತಿಹಿಡಿದ ನ್ಯಾಯಮೂರ್ತಿ ಎ.ಎನ್. ರೇ ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ರಾಜಧನದ ಆದೇಶದಲ್ಲಿ ದೇಶದ ಭದ್ರತೆಯ ಮಾತಿರಲಿಲ್ಲ. ಅದು ಬಂದಾಗ ನ್ಯಾಯಾಲಯದ ಧ್ವನಿಯೇ ಬದಲಾಯಿತು.

1975ರ ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಕಾರಣ ನೀಡಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಒಪ್ಪಿಗೆ ನೀಡಿದ್ದು ಮರುದಿನ ಬೆಳಿಗ್ಗೆ. ಜೂನ್ 27ರಂದು 359ನೇ ವಿಧಿಯಡಿ ಹೊರಬಿದ್ದ ಇನ್ನೊಂದು ಆದೇಶವು ಸಮಾನತೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕುಗಳಿಗಾಗಿ ಕೋರ್ಟಿನ ಮೆಟ್ಟಿಲೇರುವುದನ್ನೇ ತಡೆಯಿತು.

ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬಂಧನಕ್ಕೊಳಗಾದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿನ ಮುಂದೆ ಬಂದವು. ರಾಷ್ಟ್ರಪತಿ ಆದೇಶವಿರುವಾಗ ಅರ್ಜಿಯೇ ನಿಲ್ಲದು ಎಂಬ ಸರ್ಕಾರದ ಆಕ್ಷೇಪವನ್ನು ಹೈಕೋರ್ಟ್ ಒಪ್ಪಲಿಲ್ಲ. ಮೂಲಭೂತ ಹಕ್ಕಿನ ಬಾಗಿಲು ಮುಚ್ಚಿರಬಹುದು. ಆದರೆ ಬಂಧನವು ಸರ್ಕಾರ ತಾನೇ ಮಾಡಿಕೊಂಡ ಕಾನೂನಿಗೆ ಅನುಸಾರವಾಗಿದೆಯೇ ಎಂದು ನೋಡುವ ಬಾಗಿಲು ಮುಚ್ಚಿರಲಿಲ್ಲ. ಈ ಅರ್ಜಿಗಳನ್ನು ಆಲಿಸಿದ್ದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ 1976ರಲ್ಲಿ ಕ್ರಮವಾಗಿ ಅಲಹಾಬಾದ್ ಹಾಗೂ ಗುವಾಹಟಿಗೆ ವರ್ಗವಾದರು.

ಅದೇ ವರ್ಷ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್‌ಗಳ ನಿಲುವನ್ನು 4–1ರ ಬಹುಮತದಿಂದ ಅಳಿಸಿಹಾಕಿತು. ಪೀಠದ ಮುಖ್ಯಸ್ಥರು ಅದೇ ಎ.ಎನ್. ರೇ. ಪೊಲೀಸನೊಬ್ಬ ದ್ವೇಷದಿಂದ ಕೊಂದರೂ ಪರಿಹಾರವಿಲ್ಲವೇ ಎಂಬ ಪ್ರಶ್ನೆಗೆ, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬರ್ಥದ ಉತ್ತರವನ್ನು ಅಟಾರ್ನಿ ಜನರಲ್ ಕೊಟ್ಟಿದ್ದರು. ಆ ಪ್ರಶ್ನೆ ಕೇಳಿದ್ದ, ಒಬ್ಬರೇ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೆ 1977ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ಅವರು ರಾಜೀನಾಮೆ ಕೊಟ್ಟರು.

ಯುದ್ಧಕಾಲದಲ್ಲಿ ನ್ಯಾಯಾಲಯ ಮೌನವಾಗಿರಲೇಬೇಕೆಂಬ ನಿಯಮವೇನೂ ಇರಲಿಲ್ಲ. 1952ರಲ್ಲಿ, ಕೊರಿಯಾ ಯುದ್ಧ ನಡೆಯುತ್ತಿರುವಾಗಲೇ, ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಳ್ಳುವ ಅಧ್ಯಕ್ಷ ಟ್ರೂಮನ್ ಅವರ ಆದೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಗೊಳಿಸಿತ್ತು.

ಭಾರತದಲ್ಲಿ ಗೆರೆ ಎಳೆದದ್ದು ಮೊದಲು ಸಂಸತ್ತು. 1978ರ 44ನೇ ತಿದ್ದುಪಡಿಯಲ್ಲಿ ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ದಂಗೆ’ ಬಂದಿತು. ಸಂಪುಟದ ಲಿಖಿತ ತೀರ್ಮಾನವಿಲ್ಲದೆ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. ತಿಂಗಳೊಳಗೆ ಸಂಸತ್ತಿನ ವಿಶೇಷ ಬಹುಮತ ಸಿಗಬೇಕು. 20 ಮತ್ತು 21ನೇ ವಿಧಿಗಳ ಜಾರಿಯನ್ನು ಯಾವ ಆದೇಶವೂ ಅಮಾನತಿನಲ್ಲಿಡಲಾಗದು.

ಎರಡನೆಯ ಗೆರೆಯೂ ಕರ್ನಾಟಕದ್ದೇ. 1989ರ ಏಪ್ರಿಲ್ 21ರಂದು ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ರಾಷ್ಟ್ರಪತಿ ಘೋಷಣೆಯೂ ನ್ಯಾಯಿಕ ಪರಾಮರ್ಶೆಗೆ ಒಳಪಟ್ಟದ್ದು ಎಂದಿತು. ಮಂತ್ರಿಮಂಡಲ ಕೊಟ್ಟ ಸಲಹೆಯನ್ನು ಕೋರ್ಟ್ ಕೇಳುವಂತಿಲ್ಲ. ಆದರೆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ನೋಡಬಹುದು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ ಎನ್ನುವುದು ಬೇರೆ.

ಜಬಲ್ಪುರ ತೀರ್ಪು ಅಧಿಕೃತವಾಗಿ ಸತ್ತದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಬಹುಮತದಲ್ಲಿದ್ದ ತಂದೆ ವೈ.ವಿ. ಚಂದ್ರಚೂಡ್ ಅವರ ತೀರ್ಪು ತಪ್ಪೆಂದು ಬರೆದವರು ಮಗ ಡಿ.ವೈ. ಚಂದ್ರಚೂಡ್.

ಆದರೂ ‘ಭದ್ರತೆ’ ಎಂಬ ಪದದ ಬಲ ಕುಂದಿಲ್ಲ. ರಾಜ್ಯದ ಭದ್ರತೆಯ ಹಿತದೃಷ್ಟಿಯಿಂದ ವಿಚಾರಣೆ ಯುಕ್ತವಲ್ಲವೆಂದು ರಾಷ್ಟ್ರಪತಿ ಅಥವಾ ರಾಜ್ಯಪಾಲರಿಗೆ ಮನವರಿಕೆಯಾದರೆ, 311ನೇ ವಿಧಿಯಡಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡಬಹುದು. ಆ ಮನವರಿಕೆಯನ್ನೂ ಪರಾಮರ್ಶಿಸಬಹುದೆಂದು 1995ರ ಎ.ಕೆ. ಕೌಲ್ ಪ್ರಕರಣ ಹೇಳಿದೆ. ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಭದ್ರತೆಯ ಹೆಸರನ್ನು ಆಧಾರವಿಲ್ಲದೆ ಎತ್ತಲಾಗದು ಎಂದು ತಿಳಿಸಿ, ಮುಚ್ಚಿದ ಲಕೋಟೆಯ ಪದ್ಧತಿಯನ್ನೂ ಟೀಕಿಸಿತು.

ಈಗಿನ ಪ್ರಶ್ನೆ ಹುಟ್ಟಿರುವುದು ಸಾಕ್ಷ್ಯ ಕಾನೂನಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 165ನೇ ಸೆಕ್ಷನ್, ಸಚಿವರು ಮತ್ತು ರಾಷ್ಟ್ರಪತಿ ನಡುವಿನ ಯಾವುದೇ ಪತ್ರವ್ಯವಹಾರವನ್ನು ಹಾಜರುಪಡಿಸುವಂತೆ ಯಾವ ನ್ಯಾಯಾಲಯವೂ ಕೇಳಬಾರದು ಎನ್ನುತ್ತದೆ. ಸಂವಿಧಾನದಲ್ಲಿ ಸಲಹೆಗೆ ಮೊದಲೇ ರಕ್ಷಣೆಯಿದೆ. ಸಲಹೆಯ ಕಡತದ ಜತೆಗೇ ಲಗತ್ತಾಗಿ ಹೋದ ಗುಪ್ತಚರ ವರದಿ ಸಲಹೆಯೋ, ಬೊಮ್ಮಾಯಿ ತೀರ್ಪು ಹೇಳಿದ ಸಾಮಗ್ರಿಯೋ? ಸರ್ಕಾರ ಮೊದಲನೆಯದೆಂದು ಹೇಳಿದ ದಿನ, 1994ರ ಗೆರೆಯನ್ನು ನ್ಯಾಯಾಲಯ ಇನ್ನೊಮ್ಮೆ ಎಳೆಯಬೇಕಾಗುತ್ತದೆ.