ಗಣಕಶಾಸ್ತ್ರವೂ ಸೀಟಿನ ವ್ಯಾಮೋಹವೂ

ಚಾಮರಾಜನಗರ, ಗುಂಡ್ಲುಪೇಟೆಗಳ ಗೃಹಸ್ಥರಲ್ಲಿ ಈಚೆಗೆ ಒಂದು ಮತವು ಸಿದ್ಧಾಂತದಂತೆ ಬೇರೂರಿದೆ. ಮಗನು ಗಣಕಶಾಸ್ತ್ರವನ್ನೇ ಓದಬೇಕು, ಬೆಂಗಳೂರಿನಲ್ಲಿಯೇ ಓದಬೇಕು, ಸಿ.ಇ.ಟಿ. ಪರೀಕ್ಷೆಯಲ್ಲಿ ಸ್ಥಾನ ದೊರೆಯದಿದ್ದರೆ ಅರಿಸಿನ ಬೆಳೆಯುವ ಹೊಲವನ್ನು ಮಾರಿಯಾದರೂ ಮ್ಯಾನೇಜ್‌ಮೆಂಟ್ ಸೀಟನ್ನು ಕೊಳ್ಳಬೇಕು; ಪದವಿ ಕೈಸೇರಿದೊಡನೆ ಸಂಬಳವು ತಾನಾಗಿ ಬರುವುದು ಎಂಬುದೇ ಆ ಮತ. ಇವುಗಳಲ್ಲಿ ಮೊದಲನೆಯ ಮಾತು ವಿಚಾರಾರ್ಹವಾದುದು. ಉಳಿದ ಮೂರೂ ಅವಿಚಾರದ ಫಲ.

ಈ ಪೂರ್ವಪಕ್ಷಕ್ಕೆ ಆಧಾರವೇ ಇಲ್ಲವೆನ್ನಲಾಗದು. 1983ರಲ್ಲಿ ಇನ್ಫೋಸಿಸ್ ಸಂಸ್ಥೆಯು ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ತನ್ನ ಕಾರ್ಯಾಲಯವನ್ನು ತೆರೆಯಿತು. ಅಂದಿನಿಂದ ಈ ವಿದ್ಯೆಯು ಎಷ್ಟೋ ಬಡ ಮನೆಗಳಲ್ಲಿ ದೀಪ ಹಚ್ಚಿದೆ. ಆದರೆ ಹೋದ ವರ್ಷದ ಮಳೆಯನ್ನು ನೆಚ್ಚಿ ಈ ವರ್ಷ ಕೆರೆಯ ತೂಬನ್ನು ತೆರೆದಿಡುವ ರೈತನುಂಟೆ? ಒಂದು ಶಾಖೆಗೆ ಇಷ್ಟೇ ವಿದ್ಯಾರ್ಥಿಗಳೆಂಬ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024ರಲ್ಲಿ ತೆಗೆದುಹಾಕಿತು. ಮಾತಿನಲ್ಲಿ ಕೇಳಿದರೆ ತಾನೇ ಕ್ರಮವಿಧಿಯನ್ನು ಬರೆದುಕೊಡುವ ಚಾಟ್‌ಜಿಪಿಟಿಯು 2022ರ ನವೆಂಬರಿನಲ್ಲಿಯೇ ಜನರ ಕೈಗೆ ಬಂದಿತ್ತು. 2025ರ ಜುಲೈ ತಿಂಗಳಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು ಸುಮಾರು 12,000 ನೌಕರರನ್ನು ಕಡಮೆ ಮಾಡುವುದಾಗಿ ಸಾರಿತು. ಹೊಲ ಮಾರುವವರು ಇವನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ದೋಷವು ವಿದ್ಯೆಯದಲ್ಲ, ವಿದ್ಯೆಯನ್ನು ಸರಕೆಂದು ತಿಳಿದವರದು. ಫೋರ್ಟ್ರಾನ್ 1957ರಲ್ಲಿ ಬಂದಿತು, ಸಿ ಭಾಷೆ 1972ರಲ್ಲಿ, ಜಾವಾ 1995ರಲ್ಲಿ. ಭಾಷೆಗಳು ಬರುತ್ತವೆ, ಹಿಂದೆ ಸರಿಯುತ್ತವೆ. ಅವುಗಳ ಕೆಳಗಿರುವ ಶಾಸ್ತ್ರವು ಮಾತ್ರ ನಿಲ್ಲುತ್ತದೆ. ಕಿಟ್ಟೆಲರ 1894ರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳುಂಟು. ಒಂದು ಶಬ್ದವನ್ನು ಮೊದಲಿನಿಂದ ಒಂದೊಂದಾಗಿ ಹುಡುಕುವವನು 70,000 ಸಲ ನೋಡಬೇಕಾಗಬಹುದು. ನಡುವೆ ತೆರೆದು, ಬೇಡದ ಅರ್ಧವನ್ನು ಬಿಟ್ಟು, ಉಳಿದುದರಲ್ಲಿ ಮತ್ತೆ ನಡುವನ್ನು ತೆರೆಯುತ್ತ ಹೋಗುವವನಿಗೆ 17 ಸಲ ಸಾಕು. ಅಕ್ಷರಕ್ರಮವಿರುವುದರಿಂದಲೇ ಇದು ಸಾಧ್ಯ. ಇದು ಏಕೆ ಹೀಗೆ ಎಂದು ಅರಿತವನು ಗಣಕಶಾಸ್ತ್ರಿ; ಯಾವ ಗುಂಡಿಯನ್ನು ಒತ್ತಬೇಕೆಂದು ಮಾತ್ರ ಕಲಿತವನು ಕೂಲಿ. ಶಬ್ದರೂಪಗಳನ್ನು ಉರುಹೊಡೆದ ಮಾತ್ರಕ್ಕೆ ಯಾವನೂ ವೈಯಾಕರಣನಾಗುವುದಿಲ್ಲ. ಸೂತ್ರದ ಪ್ರವೃತ್ತಿಯನ್ನು ತಿಳಿದವನೇ ವೈಯಾಕರಣ. ಉರುಹೊಡೆದವನ ಕೆಲಸವನ್ನು ಯಂತ್ರವು ಕಸಿದುಕೊಂಡರೆ ಆಶ್ಚರ್ಯವೇನು?

ಇನ್ನು ಸ್ಥಳದ ಮಾತು. ಚಾಮರಾಜನಗರದಲ್ಲಿ 2007ರಿಂದ ಸರಕಾರಿ ಇಂಜಿನಿಯರಿಂಗ್ ಕಾಲೇಜುಂಟು. ಅಲ್ಲಿ ಗಣಕಶಾಸ್ತ್ರದ ವಿಭಾಗವೂ ಉಂಟು. ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದುದು. ಆ ವಿಶ್ವವಿದ್ಯಾಲಯಕ್ಕೆ ಸೇರಿ, ಸ್ವಾಯತ್ತತೆಯಿಲ್ಲದ ಬೆಂಗಳೂರಿನ ಕಾಲೇಜುಗಳಿಗೂ ಅದೇ ಪಠ್ಯಕ್ರಮ, ಅದೇ ಪರೀಕ್ಷೆ. ಉದ್ಯೋಗ ಕೊಡುವ ಸಂಸ್ಥೆಗಳು ರಾಜಧಾನಿಯ ಕಾಲೇಜುಗಳಿಗೇ ಹೆಚ್ಚಾಗಿ ಬರುವುವೆಂದು ಪ್ರತಿವಾದಿಗಳು ಹೇಳಬಹುದು. ಅದು ನಿಜ. ಆದರೆ ಬಾಗಿಲಿನವರೆಗೆ ಕರೆದೊಯ್ಯುವುದು ಕಾಲೇಜಿನ ಹೆಸರು. ಒಳಗೆ ನಿಲ್ಲಿಸುವುದು ತಿಳಿವಳಿಕೆ. ಮೊದಲನೆಯದಕ್ಕಾಗಿ ತಲೆಮಾರಿನ ಭೂಮಿಯನ್ನು ತೆತ್ತು, ಎರಡನೆಯದಕ್ಕೆ ಒಂದು ಒಳ್ಳೆಯ ಗಣಿತಪುಸ್ತಕವನ್ನೂ ಕೊಳ್ಳದ ವಿವೇಕಕ್ಕೆ ಏನೆನ್ನಬೇಕು?

ಮಗನ ಸೀಟಿಗೆ ಹೊಲ ಮಾರುವ ಮನೆಯಲ್ಲಿಯೇ, ಗಣಿತದಲ್ಲಿ ಅವನಿಗಿಂತ ಚುರುಕಾದ ಮಗಳಿಗೆ ಊರಿನ ಬಿ.ಎ. ತರಗತಿಯೇ ಸಾಕೆನ್ನುವುದುಂಟು. ಅಲ್ಲಿ ಶಾಸ್ತ್ರಕ್ಕೂ ಅನ್ಯಾಯ, ಮಗುವಿಗೂ ಅನ್ಯಾಯ.

ಆದುದರಿಂದ ತಂದೆತಾಯಿಗಳು ಮೊದಲು ಕೇಳಬೇಕಾದ ಪ್ರಶ್ನೆ ಸೀಟಿನ ಬೆಲೆಯೆಷ್ಟೆಂಬುದಲ್ಲ. ಮಕ್ಕಳಲ್ಲಿ ಬಿಡಿಸಲಾಗದ ಲೆಕ್ಕದ ಮುಂದೆ ಊಟ ಮರೆತು ಕುಳಿತುಕೊಳ್ಳುವವರು ಯಾರು? ಅಂಥವರಿದ್ದರೆ ಅವರನ್ನು ಓದಿಸಲಿ, ಹತ್ತಿರದಲ್ಲಿಯಾದರೂ ಸರಿ, ದೂರದಲ್ಲಿಯಾದರೂ ಸರಿ. ಇಲ್ಲದಿದ್ದರೆ ಅವರವರ ಒಲವಿನ ವಿದ್ಯೆಯನ್ನು ಕಲಿಸಿ, ಹೊಲವನ್ನು ಉಳಿಸಿಕೊಳ್ಳಲಿ. ಮಾರಿದ ಹೊಲವು ಪದವಿಪತ್ರದ ಹಿಂದೆ ಮರಳಿ ಬರುವುದಿಲ್ಲ.